ದಾಸ್ತಾನಿನಲ್ಲಿ ಮಜೂರಿಯ ಪಾಲು: ಸಣ್ಣ ತಯಾರಕರು ಗಮನಿಸಬೇಕಾದ ಲೆಕ್ಕ

ಆರ್ಥಿಕ ವರ್ಷ ಮುಗಿಯುವ ಹೊತ್ತಿಗೆ ತಯಾರಿಕಾ ಘಟಕಗಳಲ್ಲಿ ದಾಸ್ತಾನು ಎಣಿಸುವ ಕಾರ್ಯ ಆರಂಭವಾಗುತ್ತದೆ. ಕಚ್ಚಾ ಮಾಲನ್ನು ತೂಗುವುದಾಗಲಿ, ಸಿದ್ಧ ಸರಕನ್ನು ಎಣಿಸುವುದಾಗಲಿ ಕಷ್ಟದ ಕೆಲಸವಲ್ಲ. ಎಣಿಸಿದ ಸರಕಿಗೆ ಬೆಲೆ ಕಟ್ಟುವಾಗಲೇ ತೊಡಕು ತಲೆದೋರುತ್ತದೆ. ಕಚ್ಚಾ ಮಾಲಿಗೆ ಖರೀದಿಯ ಬಿಲ್ಲು ಆಧಾರವಾಗಿರುತ್ತದೆ. ಆದರೆ ಒಂದು ಸಿದ್ಧ ವಸ್ತುವಿನಲ್ಲಿ ಕಾರ್ಮಿಕರ ದುಡಿಮೆಯ ಪಾಲು ಎಷ್ಟು ಎಂಬುದಕ್ಕೆ ಯಾರೂ ಬಿಲ್ಲು ಕೊಡುವುದಿಲ್ಲ. ಅದನ್ನು ನಾವೇ ಲೆಕ್ಕ ಹಾಕಿ ಕಂಡುಕೊಳ್ಳಬೇಕು. ಈ ಲೆಕ್ಕದಲ್ಲಿ ಆಗುವ ತಪ್ಪು ಅಢಾವೆ ಪತ್ರಿಕೆಗೆ ಮಾತ್ರ ಸೀಮಿತವಾಗದೆ, ಮಾರಾಟದ ದರಕ್ಕೂ, ಬ್ಯಾಂಕಿನ ಸಾಲದ ಮಿತಿಗೂ, ಆದಾಯ ತೆರಿಗೆಗೂ ಹರಡುತ್ತದೆ. ಈ ವಿಷಯವನ್ನು ಒಂದು ಉದಾಹರಣೆಯ ಮೂಲಕ ಇಲ್ಲಿ ವಿವೇಚಿಸಲಾಗಿದೆ.

ಒಂದು ಘಟಕದ ಅನುಭವ

ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ ನನ್ನ ಕಕ್ಷಿದಾರರೊಬ್ಬರ ಪಾಲುದಾರಿಕೆ ಘಟಕವಿದೆ. ಬೆಳಗಾವಿಯ ಫೌಂಡ್ರಿಗಳಿಂದ ಎರಕದ ಭಾಗಗಳನ್ನು ತರಿಸಿ, ಲೇತ್ ಕೆಲಸ, ಜೋಡಣೆ ಹಾಗೂ ಒತ್ತಡ ಪರೀಕ್ಷೆ ಮಾಡಿ ವಾಲ್ವ್‌ಗಳನ್ನು ಮಾರುವುದು ಅವರ ಉದ್ಯೋಗ. ಮುಖ್ಯವಾಗಿ ಎರಡು ಅಳತೆಯ ವಾಲ್ವ್‌ಗಳು. ಆರು ಮಂದಿ ಟರ್ನರ್ ಮತ್ತು ಫಿಟ್ಟರ್‌ಗಳು. ಲೆಕ್ಕ ಸುಲಭವಾಗಲೆಂದು ಹಾಗೂ ಕಕ್ಷಿದಾರರ ಗೋಪ್ಯತೆಗಾಗಿ ಇಲ್ಲಿನ ಅಂಕಿಗಳನ್ನು ಸರಳಗೊಳಿಸಿದ್ದೇನೆ.

ಅದುವರೆಗೆ ಕೈಬರಹದಲ್ಲಿದ್ದ ತಯಾರಿಕೆಯ ಲೆಕ್ಕವನ್ನು ಒಂದು ಏಪ್ರಿಲ್ ತಿಂಗಳಲ್ಲಿ ಅವರು ಕಂಪ್ಯೂಟರಿಗೆ ಬದಲಾಯಿಸಿದರು. ತಂತ್ರಾಂಶವನ್ನು ಅಳವಡಿಸಲು ಬಂದ ತರುಣನು ಮಜೂರಿ ಎಷ್ಟು ಹಾಕಬೇಕೆಂದು ಕೇಳಿದಾಗ, ಮಾಲಿನ ಬೆಲೆಯ ಮೇಲೆ ಶೇ. 20 ಹಾಕಿದರೆ ಸಾಕೆಂದು ಮಾಲೀಕರು ಅಂದಾಜಿನಿಂದ ಹೇಳಿಬಿಟ್ಟರು. ವರ್ಷದ ಕೊನೆಯಲ್ಲಿ ಲಾಭ-ನಷ್ಟ ಖಾತೆ ಉತ್ತಮ ಲಾಭವನ್ನೇ ತೋರಿಸಿತು. ಆದರೆ ಬ್ಯಾಂಕಿನ ಖಾತೆಯಲ್ಲಿ ಹಣವಿರಲಿಲ್ಲ. ಚಿಕ್ಕ ವಾಲ್ವ್‌ಗಳು ತಯಾರಾದಂತೆಲ್ಲ ಮಾರಾಟವಾಗುತ್ತಿದ್ದವು. ದೊಡ್ಡ ವಾಲ್ವ್‌ಗಳಿಗೆ ಕೊಟ್ಟ ದರಪಟ್ಟಿಗಳು ಒಂದರ ಹಿಂದೊಂದು ತಿರಸ್ಕೃತವಾಗಿ, ಆದೇಶದ ನಿರೀಕ್ಷೆಯಲ್ಲಿ ತಯಾರಿಸಿದ ಸರಕು ಗೋದಾಮಿನಲ್ಲಿ ಉಳಿದಿತ್ತು. “ಸಾಹೇಬರೇ, ನಮ್ಮ ಲಾಭ ಲೆಕ್ಕಕ್ಕುಂಟು, ಆಟಕ್ಕಿಲ್ಲ ಎನ್ನುವಂತಾಗಿದೆ” ಎಂದು ಅವರು ನನ್ನ ಕಚೇರಿಗೆ ಬಂದರು.

ನಾನು ಅವರಿಗೆ ಕೇಳಿದ್ದು ಎರಡೇ ಅಂಕಿ. ವರ್ಷದಲ್ಲಿ ತಯಾರಿಕೆಯ ಕಾರ್ಮಿಕರಿಗಾಗಿ ಆದ ಒಟ್ಟು ವೆಚ್ಚ ಎಷ್ಟು? ಅದೇ ವರ್ಷ ತಂತ್ರಾಂಶವು ಸರಕಿನ ಬೆಲೆಗೆ ಸೇರಿಸಿದ ಮಜೂರಿ ಎಷ್ಟು? ಮೊದಲನೆಯದು ಸುಮಾರು 16.96 ಲಕ್ಷ ರೂಪಾಯಿ. ಎರಡನೆಯದು 23.04 ಲಕ್ಷ ರೂಪಾಯಿ. ಕೊಟ್ಟ ಮಜೂರಿಗಿಂತ 6 ಲಕ್ಷಕ್ಕೂ ಹೆಚ್ಚು ಮಜೂರಿ ಸರಕಿನಲ್ಲಿ ಸೇರಿಕೊಂಡಿತ್ತು. ಇಲ್ಲದ ವೆಚ್ಚ ಸರಕಿಗೆ ಹೋದದ್ದು ಹೇಗೆ ಎಂಬುದನ್ನು ಮುಂದೆ ನೋಡೋಣ.

ಒಂದು ಗಂಟೆಯ ದುಡಿಮೆಯ ನಿಜವಾದ ಬೆಲೆ

ಹಂಚಿಕೆಗೆ ಮೊದಲು ಹಂಚಬೇಕಾದ ಮೊತ್ತ ತಿಳಿದಿರಬೇಕು. ಅನೇಕ ಉದ್ಯಮಿಗಳು ದಿನಗೂಲಿಯನ್ನು ಎಂಟರಿಂದ ಭಾಗಿಸಿ ಅದನ್ನೇ ಗಂಟೆಯ ದರವೆಂದು ಭಾವಿಸುತ್ತಾರೆ. ದಿನಕ್ಕೆ 700 ರೂ. ಪಡೆಯುವ ಕಾರ್ಮಿಕನ ಒಂದು ಗಂಟೆಗೆ 87.50 ರೂ. ಎಂಬುದು ಅವರ ಲೆಕ್ಕ. ಇದು ಎರಡು ಕಡೆಯಿಂದಲೂ ತಪ್ಪು.

ಮೊದಲನೆಯದಾಗಿ, ವೆಚ್ಚ ಕೇವಲ ಪಗಾರದಷ್ಟೇ ಅಲ್ಲ. ತಿಂಗಳಿಗೆ 26 ದಿನದಂತೆ ಪಗಾರ 18,200 ರೂ., ವರ್ಷಕ್ಕೆ 2,18,400 ರೂ. ಇದರ ಮೇಲೆ ಭವಿಷ್ಯನಿಧಿಗೆ ಮಾಲೀಕರ ವಂತಿಗೆ ಹಾಗೂ ಸಂಬಂಧಿತ ಶುಲ್ಕ ಸುಮಾರು ಶೇ. 13, ಇಎಸ್‌ಐಗೆ ಮಾಲೀಕರ ಪಾಲು ಶೇ. 3.25, ಕನಿಷ್ಠ ಬೋನಸ್ಸು ಶೇ. 8.33, ಗ್ರ್ಯಾಚುಯಿಟಿ ವರ್ಷಕ್ಕೆ 15 ದಿನದಂತೆ ಸುಮಾರು ಶೇ. 4.81. ಮಿತಿಗಳನ್ನು ಬದಿಗಿಟ್ಟು ಇಡೀ ಪಗಾರದ ಮೇಲೆ ಲೆಕ್ಕ ಹಾಕುವ ಘಟಕದಲ್ಲಿ ಇವೆಲ್ಲ ಸೇರಿ ಶೇ. 29.39, ಅಂದರೆ ಸುಮಾರು 64,188 ರೂ. ಹೀಗೆ ಒಬ್ಬ ಕಾರ್ಮಿಕನ ವಾರ್ಷಿಕ ವೆಚ್ಚ 2,82,588 ರೂ. ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದ್ದು, ವೇತನದ ವ್ಯಾಖ್ಯೆಯಿಂದ ಹೊರಗಿಡುವ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಮೀರಿದ ಭಾಗವನ್ನು ವೇತನವೆಂದೇ ಪರಿಗಣಿಸಬೇಕಾಗುತ್ತದೆ. ಮೂಲ ವೇತನವನ್ನು ಕಡಿಮೆ ಇಟ್ಟು ಭತ್ಯೆಗಳನ್ನು ಹೆಚ್ಚು ತೋರಿಸುತ್ತಿದ್ದ ಘಟಕಗಳು ಈ ಶೇಕಡಾ ಪ್ರಮಾಣಗಳನ್ನು ಮರುಪರಿಶೀಲಿಸುವುದು ಅಗತ್ಯ.

ಎರಡನೆಯದಾಗಿ, ಹಣ ಕೊಟ್ಟ ಗಂಟೆಗಳೆಲ್ಲ ದುಡಿದ ಗಂಟೆಗಳಲ್ಲ. ವರ್ಷದ 365 ದಿನಗಳಲ್ಲಿ 52 ವಾರದ ರಜೆ, 10 ರಾಷ್ಟ್ರೀಯ ಹಾಗೂ ಹಬ್ಬದ ರಜೆ, 18 ದಿನ ಕಾರ್ಮಿಕರ ಸ್ವಂತ ರಜೆ ಕಳೆದರೆ ಉಳಿಯುವುದು 285 ದಿನ, ಅಂದರೆ 2,280 ಗಂಟೆ. ಚಹಾ ವಿರಾಮ, ಯಂತ್ರದ ಸೆಟ್ಟಿಂಗ್, ಮಾಲಿಗಾಗಿ ಕಾಯುವುದು ಮುಂತಾದ ಸಹಜ ವ್ಯಯಕ್ಕೆ ಶೇ. 15 ಕಳೆದರೆ 1,938 ಗಂಟೆ. ಈಗ 2,82,588ನ್ನು 1,938ರಿಂದ ಭಾಗಿಸಿದರೆ ಗಂಟೆಗೆ ಸುಮಾರು 146 ರೂ. ಆಗುತ್ತದೆ. 87.50 ರೂ. ಎಂದು ಭಾವಿಸಿ ದರ ಒಪ್ಪಿಕೊಂಡವರು ಪ್ರತಿ ಗಂಟೆಯ ದುಡಿಮೆಯಲ್ಲಿ 58 ರೂ.ಗೂ ಹೆಚ್ಚು ಹಣವನ್ನು ತಮ್ಮ ಕೈಯಿಂದ ಹಾಕುತ್ತಿರುತ್ತಾರೆ.

ಹಂಚಿಕೆಯ ಆಧಾರ ಯಾವುದು?

ನಮ್ಮ ಉದಾಹರಣೆಯಲ್ಲಿ ಚಿಕ್ಕ ವಾಲ್ವಿಗೆ 900 ರೂ. ಮಾಲು, ಒಂದೂವರೆ ಗಂಟೆಯ ದುಡಿಮೆ ಬೇಕು. ದೊಡ್ಡ ವಾಲ್ವಿಗೆ 6,000 ರೂ. ಮಾಲು, ಮೂರು ಗಂಟೆಯ ದುಡಿಮೆ ಬೇಕು. ತಿಂಗಳಿಗೆ ಚಿಕ್ಕವು 400, ದೊಡ್ಡವು 100 ತಯಾರಾಗುತ್ತವೆ. ದುಡಿಮೆ ಒಟ್ಟು 900 ಗಂಟೆ, ಮಜೂರಿ 1,31,400 ರೂ. ಈ ಒಂದೇ ಮೊತ್ತವನ್ನು ಮೂರು ಬಗೆಯಲ್ಲಿ ಹಂಚಬಹುದು.

ನಗದ ಲೆಕ್ಕದಲ್ಲಿ ಹಂಚಿದರೆ: ಚಿಕ್ಕದಕ್ಕೆ 262.80 ರೂ., ದೊಡ್ಡದಕ್ಕೂ 262.80 ರೂ.

ಮಾಲಿನ ಬೆಲೆಯ ಲೆಕ್ಕದಲ್ಲಿ ಹಂಚಿದರೆ: ಚಿಕ್ಕದಕ್ಕೆ ಸುಮಾರು 123 ರೂ., ದೊಡ್ಡದಕ್ಕೆ ಸುಮಾರು 821 ರೂ.

ದುಡಿಮೆಯ ಗಂಟೆಯ ಲೆಕ್ಕದಲ್ಲಿ ಹಂಚಿದರೆ: ಚಿಕ್ಕದಕ್ಕೆ 219 ರೂ., ದೊಡ್ಡದಕ್ಕೆ 438 ರೂ.

ಮೂರರಲ್ಲೂ ಒಟ್ಟು ಮೊತ್ತ ಒಂದೇ. ಆದರೆ ಮೂರನೆಯದು ಮಾತ್ರ ಕೆಲಸ ನಡೆದ ಬಗೆಗೆ ಅನುಗುಣವಾಗಿದೆ. ದೊಡ್ಡ ಎರಕದ ಬೆಲೆ ಹೆಚ್ಚೆಂಬ ಕಾರಣಕ್ಕೆ ಟರ್ನರ್ ಅದರ ಮೇಲೆ ಏಳು ಪಟ್ಟು ಹೊತ್ತು ಕೆಲಸ ಮಾಡುವುದಿಲ್ಲ. ಶೇಕಡಾವಾರು ಪದ್ಧತಿಯಲ್ಲಿ ಇನ್ನೊಂದು ದೋಷವೂ ಇದೆ. ಲೋಹದ ದರ ಏರಿದಾಗ, ಕಾರ್ಮಿಕರಿಗೆ ಒಂದು ರೂಪಾಯಿಯೂ ಹೆಚ್ಚು ಕೊಡದಿದ್ದರೂ, ಪುಸ್ತಕದಲ್ಲಿ ಮಜೂರಿ ತಾನಾಗಿ ಏರುತ್ತದೆ.

ಕಕ್ಷಿದಾರರ ಶೇ. 20ರ ಅಂದಾಜಿನಂತೆ ಚಿಕ್ಕ ವಾಲ್ವಿಗೆ 180 ರೂ., ದೊಡ್ಡದಕ್ಕೆ 1,200 ರೂ. ಮಜೂರಿ ಬಿದ್ದಿತ್ತು. ನಿಜವಾದ ಲೆಕ್ಕಕ್ಕೆ ಹೋಲಿಸಿದರೆ ಚಿಕ್ಕದರಲ್ಲಿ 39 ರೂ. ಕಡಿಮೆ, ದೊಡ್ಡದರಲ್ಲಿ 762 ರೂ. ಹೆಚ್ಚು. ಚಿಕ್ಕ ವಾಲ್ವನ್ನು ಅಗ್ಗವಾಗಿ ಮಾರಿ, ದೊಡ್ಡ ವಾಲ್ವಿಗೆ ದುಬಾರಿ ದರ ಹೇಳಿ ಆದೇಶ ಕಳೆದುಕೊಂಡ ಕಾರಣ ಇಲ್ಲಿತ್ತು. ವರ್ಷದ ಕೊನೆಗೆ 300 ದೊಡ್ಡ ವಾಲ್ವ್‌ಗಳೂ 300 ಚಿಕ್ಕ ವಾಲ್ವ್‌ಗಳೂ ಉಳಿದಿದ್ದವು. ದೊಡ್ಡವುಗಳಲ್ಲಿ 2,28,600 ರೂ. ಹೆಚ್ಚಳದಿಂದ ಚಿಕ್ಕವುಗಳ 11,700 ರೂ. ಕೊರತೆಯನ್ನು ಕಳೆದರೆ ದಾಸ್ತಾನು 2,16,900 ರೂ.ಗಳಷ್ಟು ಉಬ್ಬಿತ್ತು, ಲಾಭವೂ ಅಷ್ಟೇ ಉಬ್ಬಿತ್ತು. ಪಾಲುದಾರಿಕೆ ಸಂಸ್ಥೆಗೆ ಶೇ. 30ರ ತೆರಿಗೆ ಮತ್ತು ಅದರ ಮೇಲೆ ಶೇ. 4ರ ಸೆಸ್ ಸೇರಿ ಸುಮಾರು 67,700 ರೂ. ತೆರಿಗೆಯನ್ನು ಗಳಿಸದ ಲಾಭದ ಮೇಲೆ ಮುಂಗಡವಾಗಿ ಕಟ್ಟಬೇಕಾಗುತ್ತಿತ್ತು. ಮುಂದಿನ ವರ್ಷ ಇದೇ ದಾಸ್ತಾನು ಆರಂಭಿಕ ದಾಸ್ತಾನಾಗಿ ಲಾಭವನ್ನು ಇಳಿಸುವುದು ನಿಜ; ಆದರೆ ಅಷ್ಟರಲ್ಲಿ ದುಡಿಯುವ ಬಂಡವಾಳ ಹೊರಹೋಗಿರುತ್ತದೆ. ಬ್ಯಾಂಕಿಗೆ ಸಲ್ಲಿಸುವ ದಾಸ್ತಾನಿನ ತಃಖ್ತೆಯೂ ಇದೇ ಉಬ್ಬಿದ ಬೆಲೆಯನ್ನು ಆಧರಿಸಿದ್ದರೆ, ಸಾಲದ ಮಿತಿ ಇಲ್ಲದ ಸರಕಿನ ಮೇಲೆ ನಿಂತಂತಾಗುತ್ತದೆ.

ಲೆಕ್ಕಪತ್ರ ಮಾನಕ ಏನು ಹೇಳುತ್ತದೆ?

ಭಾರತೀಯ ಸನ್ನದು ಲೆಕ್ಕಪರಿಶೋಧಕರ ಸಂಸ್ಥೆಯು 1999ರಲ್ಲಿ ಪರಿಷ್ಕರಿಸಿದ ಎರಡನೆಯ ಲೆಕ್ಕಪತ್ರ ಮಾನಕವು ದಾಸ್ತಾನಿನ ಮೌಲ್ಯಮಾಪನಕ್ಕೆ ಸಂಬಂಧಿಸಿದೆ. ಅಡಕ ವೆಚ್ಚ ಅಥವಾ ನಿವ್ವಳ ಮಾರಾಟ ಮೌಲ್ಯ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಹಿಡಿಯಬೇಕೆಂಬುದು ಅದರ ಮೂಲ ತತ್ತ್ವ. ಅಡಕ ವೆಚ್ಚದಲ್ಲಿ ಖರೀದಿಯ ವೆಚ್ಚದ ಜೊತೆಗೆ ಪರಿವರ್ತನೆಯ ವೆಚ್ಚವೂ ಸೇರಬೇಕು. ನೇರ ಮಜೂರಿ ಹಾಗೂ ಕಾರ್ಖಾನೆಯ ಸ್ಥಿರ ಮತ್ತು ಅಸ್ಥಿರ ಮೇಲ್ವೆಚ್ಚಗಳ ಕ್ರಮಬದ್ಧ ಪಾಲು ಪರಿವರ್ತನೆಯ ವೆಚ್ಚವೆನಿಸುತ್ತವೆ. ಆದ್ದರಿಂದ ಮಜೂರಿಯನ್ನು ಸೇರಿಸದೆ ಕೇವಲ ಮಾಲಿನ ಬೆಲೆಗೆ ಸಿದ್ಧ ಸರಕನ್ನು ತೋರಿಸುವ ಹಳೆಯ ರೂಢಿಯೂ ತಪ್ಪೇ.

ಸ್ಥಿರ ಮೇಲ್ವೆಚ್ಚವನ್ನು ಸಾಮಾನ್ಯ ಉತ್ಪಾದನಾ ಸಾಮರ್ಥ್ಯದ ಆಧಾರದ ಮೇಲೆ ಹಂಚಬೇಕು. ಮೇಲ್ವಿಚಾರಕರ ಸಂಬಳ, ಶೆಡ್ಡಿನ ಬಾಡಿಗೆ, ಯಂತ್ರಗಳ ಸವಕಳಿ ಸೇರಿ ತಿಂಗಳಿಗೆ 1,80,000 ರೂ. ಎಂದಿರಲಿ. ಸಾಮಾನ್ಯವಾಗಿ 900 ಗಂಟೆ ಕೆಲಸ ನಡೆಯುವುದಾದರೆ ಗಂಟೆಗೆ 200 ರೂ. ಆದೇಶಗಳಿಲ್ಲದೆ ಒಂದು ತಿಂಗಳು 600 ಗಂಟೆ ಮಾತ್ರ ಕೆಲಸ ನಡೆದರೆ ದರವನ್ನು 300 ರೂ.ಗೆ ಏರಿಸುವಂತಿಲ್ಲ. 1,20,000 ರೂ. ಮಾತ್ರ ಸರಕಿಗೆ ಹೋಗಬೇಕು. ಉಳಿದ 60,000 ರೂ. ಆ ಅವಧಿಯ ಲಾಭ-ನಷ್ಟ ಖಾತೆಗೆ ವೆಚ್ಚವಾಗಿ ಬೀಳಬೇಕು. ಉತ್ಪಾದನೆ ಅಸಹಜವಾಗಿ ಹೆಚ್ಚಿದ ಅವಧಿಯಲ್ಲಿ ಮಾತ್ರ, ನಿಜವಾದ ವೆಚ್ಚಕ್ಕಿಂತ ಹೆಚ್ಚು ಮೊತ್ತ ಸರಕಿಗೆ ಹೋಗದಂತೆ ಗಂಟೆಯ ದರವನ್ನು ಇಳಿಸಬೇಕಾಗುತ್ತದೆ.

ಅಸಹಜವಾಗಿ ವ್ಯರ್ಥವಾದ ಮಜೂರಿಯೂ ದಾಸ್ತಾನಿಗೆ ಸೇರುವಂತಿಲ್ಲ. 2020ರ ಮಾರ್ಚ್ 25ರಿಂದ ದೇಶವ್ಯಾಪಿ ಲಾಕ್‌ಡೌನ್ ಜಾರಿಯಾಗಿ ಕಾರ್ಖಾನೆಗಳು ನಿಂತಾಗ ಕೊಟ್ಟ ಪಗಾರ ಇಂಥದಕ್ಕೆ ಸ್ಪಷ್ಟ ಉದಾಹರಣೆ. ಯಂತ್ರ ಕೆಟ್ಟು ಹದಿನೈದು ದಿನ ಕೆಲಸ ನಿಂತರೂ ಇದೇ ನಿಯಮ. ಆಡಳಿತ ಕಚೇರಿಯ ಗುಮಾಸ್ತರ ಸಂಬಳ, ಮಾರಾಟ ಪ್ರತಿನಿಧಿಯ ಸಂಬಳ ಮತ್ತು ಸಿದ್ಧ ಸರಕಿನ ಗೋದಾಮಿನ ಕಾವಲುಗಾರನ ಸಂಬಳ ಸಹ ಹೊರಗುಳಿಯಬೇಕು.

ಆದಾಯ ತೆರಿಗೆಯಲ್ಲೂ ನಿಲುವು ಹೆಚ್ಚು ಕಡಿಮೆ ಇದೇ ಆಗಿದೆ. 2017-18ನೇ ಕರನಿರ್ಧಾರಣಾ ವರ್ಷದಿಂದ ಅನ್ವಯಿಸಿದ ಎರಡನೆಯ ಆದಾಯ ಗಣನೆ ಮತ್ತು ಪ್ರಕಟಣೆ ಮಾನಕವು ಪರಿವರ್ತನೆಯ ವೆಚ್ಚದ ಬಗ್ಗೆ ಇದೇ ತತ್ತ್ವವನ್ನು ಅನುಸರಿಸುತ್ತದೆ. ತೆರಿಗೆ ಲೆಕ್ಕಪರಿಶೋಧನೆಯ ಅಗತ್ಯವಿಲ್ಲದ ವ್ಯಕ್ತಿಗಳಿಗೂ ಹಿಂದೂ ಅವಿಭಕ್ತ ಕುಟುಂಬಗಳಿಗೂ ಅದು ಅನ್ವಯಿಸದು. 2023ರ ಹಣಕಾಸು ಕಾಯಿದೆಯು 1961ರ ಕಾಯಿದೆಯ 142(2ಎ) ಕಲಮಿಗೆ ತಿದ್ದುಪಡಿ ತಂದು, ದಾಸ್ತಾನನ್ನು ವೆಚ್ಚ ಲೆಕ್ಕಿಗರಿಂದ ಮೌಲ್ಯಮಾಪನ ಮಾಡಿಸುವಂತೆ ನಿರ್ದೇಶಿಸುವ ಅಧಿಕಾರವನ್ನು ಕರನಿರ್ಧಾರಣಾ ಅಧಿಕಾರಿಗೆ ನೀಡಿತು. ದಾಸ್ತಾನಿನ ಬೆಲೆಗೆ ಆಧಾರ ಕೇಳಿದಾಗ “ಅಂದಾಜು” ಎಂಬ ಉತ್ತರ ಸಾಲದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ತಂತ್ರಾಂಶದ ಒಳಗೆ ನಡೆಯುವುದೇನು?

ನಮ್ಮ ವರ್ತಕರಲ್ಲಿ ಹೆಚ್ಚಿನವರು ಬಳಸುವುದು ಬೆಂಗಳೂರಿನಲ್ಲೇ ಬೆಳೆದ ಟ್ಯಾಲಿ. ಅದರಲ್ಲಿ ಸಿದ್ಧ ವಸ್ತುವಿಗೆ ಬೇಕಾಗುವ ಭಾಗಗಳ ಪಟ್ಟಿಯನ್ನು ಬಿಲ್ ಆಫ್ ಮೆಟೀರಿಯಲ್ಸ್ ಎಂದು ಬರೆದಿಟ್ಟು, ಮ್ಯಾನುಫ್ಯಾಕ್ಚರಿಂಗ್ ಜರ್ನಲ್ ಮೂಲಕ ತಯಾರಿಕೆಯನ್ನು ನಮೂದಿಸಲಾಗುತ್ತದೆ. ಭಾಗಗಳು ದಾಸ್ತಾನಿನಿಂದ ಕಡಿಮೆಯಾಗಿ ಸಿದ್ಧ ವಸ್ತು ಸೇರುತ್ತದೆ. ಮಜೂರಿಯನ್ನು ‘ಹೆಚ್ಚುವರಿ ವೆಚ್ಚ’ದ ಸಾಲಿನಲ್ಲಿ ಶೇಕಡಾವಾರು ಅಥವಾ ಮೊತ್ತವಾಗಿ ಬರೆಯಬಹುದು.

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೊಂದಿದೆ. ಈ ನಮೂದು ದಾಸ್ತಾನಿಗೆ ಸೇರಿದ್ದೇ ಹೊರತು ಖಾತೆಗಳಿಗೆ ಸೇರಿದ್ದಲ್ಲ. ಹೆಚ್ಚುವರಿ ವೆಚ್ಚದ ಸಾಲಿನಲ್ಲಿ ‘ಮಜೂರಿ’ ಎಂಬ ಖಾತೆಯ ಹೆಸರು ಕಂಡರೂ, ಆ ಖಾತೆಗೆ ಖರ್ಚೂ ಬೀಳುವುದಿಲ್ಲ, ಜಮೆಯೂ ಆಗುವುದಿಲ್ಲ. ಸರಕಿನ ಬೆಲೆ ಮಾತ್ರ ಏರುತ್ತದೆ. ಪಗಾರವನ್ನು ಪಾವತಿ ವೋಚರಿನಲ್ಲಿ ಪ್ರತ್ಯೇಕವಾಗಿ ಬರೆಯುತ್ತೇವೆ. ಇವೆರಡೂ ಒಂದನ್ನೊಂದು ಎಲ್ಲಿಯೂ ಸಂಧಿಸುವುದಿಲ್ಲ. ಹೀಗಾಗಿ 17 ಲಕ್ಷ ಕೊಟ್ಟು 23 ಲಕ್ಷ ಸೇರಿಸಿದರೂ ತಾಳೆಪಟ್ಟಿ ತಾಳೆಯಾಗಿಯೇ ಇರುತ್ತದೆ. ಇದನ್ನು ತಂತ್ರಾಂಶದ ದೋಷವೆನ್ನಲಾಗದು. ಅದು ನಾವು ಕೊಟ್ಟ ಅಂಕಿಯನ್ನು ಹಾಗೆಯೇ ನಡೆಸಿಕೊಡುತ್ತದೆ. ಎರಡನ್ನೂ ಹೋಲಿಸಿ ನೋಡುವ ಹೊಣೆ ನಮ್ಮದು.

ಇನ್ನೊಂದು ಅಪಾಯ ಇಮ್ಮಡಿ ಸೇರ್ಪಡೆಯದು. ವರ್ಷವಿಡೀ ಜರ್ನಲ್ ಮೂಲಕ ಮಜೂರಿ ಸೇರಿದ್ದರೂ, ಅದು ತಿಳಿಯದೆ ಗುಮಾಸ್ತರು ಮಾರ್ಚ್ ಕೊನೆಗೆ ಹಳೆಯ ರೂಢಿಯಂತೆ ಮತ್ತೊಮ್ಮೆ ಶೇಕಡಾವಾರು ಮಜೂರಿಯನ್ನು ಕೈಯಿಂದ ಸೇರಿಸಿದ ಪ್ರಸಂಗಗಳನ್ನು ನಾನು ಕಂಡಿದ್ದೇನೆ.

ನಮ್ಮ ಉದಾಹರಣೆಯನ್ನು ಗಂಟೆಯ ಆಧಾರದಲ್ಲಿ ಸರಿಪಡಿಸಿದರೆ ವರ್ಷದ 10,800 ಗಂಟೆಗೆ 146 ರೂ.ನಂತೆ 15,76,800 ರೂ. ಸರಕಿಗೆ ಹೋಗುತ್ತದೆ. ನಿಜವಾದ ವೆಚ್ಚ 16,95,528 ರೂ. ಉಳಿದ 1,18,728 ರೂ. ಏಕೆ ಉಳಿಯಿತೆಂದು ವಿಚಾರಿಸಬೇಕು. ಕೆಲಸವಿಲ್ಲದೆ ಕಾರ್ಮಿಕರು ಅಸಹಜವಾಗಿ ಖಾಲಿ ಕುಳಿತದ್ದು ಕಾರಣವಾದರೆ ಅದು ಲಾಭ-ನಷ್ಟ ಖಾತೆಗೆ ಸೇರಿದ್ದು. ನಾವು ಕಟ್ಟಿದ ದರವೇ ಕಡಿಮೆಯಾಗಿದ್ದರೆ ವ್ಯತ್ಯಾಸವನ್ನು ಮಾರಿದ ಸರಕು ಮತ್ತು ಉಳಿದ ಸರಕುಗಳ ನಡುವೆ ಹಂಚಬೇಕು.

ಮರೆಯಬಾರದ ಕೆಲವು ಸಂಗತಿಗಳು

ಅರೆಸಿದ್ಧ ಸರಕು: ಲೇತ್ ಕೆಲಸ ಮುಗಿದು ಜೋಡಣೆಗೆ ಕಾದಿರುವ ವಸ್ತುವಿನಲ್ಲೂ ಮಜೂರಿ ಇದೆ. ಒಂದೂವರೆ ಗಂಟೆಯಲ್ಲಿ ಒಂದು ಗಂಟೆಯ ಕೆಲಸ ಮುಗಿದ 200 ಚಿಕ್ಕ ವಾಲ್ವ್‌ಗಳಿದ್ದರೆ 200 ಗಂಟೆ, ಅಂದರೆ 29,200 ರೂ. ಸೇರಿಸಬೇಕು.

ಹೆಚ್ಚುವರಿ ವೇಳೆಯ ಕೆಲಸ: ಇದಕ್ಕೆ ಇಮ್ಮಡಿ ದರ ಕೊಡಬೇಕಾಗುತ್ತದೆ. ಗ್ರಾಹಕರೊಬ್ಬರ ತುರ್ತಿಗಾಗಿ ಮಾಡಿಸಿದ್ದರೆ ಆ ಅಧಿಕ ಮೊತ್ತ ಆ ಆದೇಶಕ್ಕೇ ಬೀಳಬೇಕು. ಸಾಮಾನ್ಯ ಒತ್ತಡದಿಂದಾದರೆ ಮೇಲ್ವೆಚ್ಚಕ್ಕೆ ಸೇರಬೇಕು.

ಜಾಬ್ ವರ್ಕ್: ಹೊರಗೆ ಮಾಡಿಸಿದ ಕೆಲಸದ ಬಿಲ್ಲನ್ನು ಆಯಾ ವಸ್ತುವಿಗೇ ಸೇರಿಸಬೇಕು. ಹಿಂಪಡೆಯಬಹುದಾದ ಜಿಎಸ್‌ಟಿ ಪುಸ್ತಕದ ಅಡಕ ವೆಚ್ಚಕ್ಕೆ ಸೇರದು. ಅವರ ಬಳಿ ಇರುವ ನಮ್ಮ ಮಾಲನ್ನು ಎಣಿಕೆಯಲ್ಲಿ ಬಿಡಬಾರದು.

ಸಿಎನ್‌ಸಿ ಯಂತ್ರಗಳು: ಒಬ್ಬನೇ ಎರಡು ಯಂತ್ರಗಳನ್ನು ನೋಡಿಕೊಳ್ಳುವಲ್ಲಿ ಮೇಲ್ವೆಚ್ಚವನ್ನು ಮಜೂರಿಯ ಗಂಟೆಯ ಬದಲು ಯಂತ್ರದ ಗಂಟೆಯ ಆಧಾರದ ಮೇಲೆ ಹಂಚುವುದು ಯುಕ್ತ.

ಮಾಲೀಕರ ದುಡಿಮೆ: ಏಕಮಾಲೀಕತ್ವದ ಘಟಕದಲ್ಲಿ ಮಾಲೀಕರು ಮನೆಖರ್ಚಿಗೆ ತೆಗೆಯುವ ಹಣ ದಾಸ್ತಾನಿನ ವೆಚ್ಚವಲ್ಲ. ಆದರೆ ಮಾರಾಟದ ದರ ನಿಗದಿಪಡಿಸುವಾಗ ತಮ್ಮ ದುಡಿಮೆಗೆ ಬೆಲೆ ಕಟ್ಟದಿದ್ದರೆ, ಅವರು ಪುಕ್ಕಟೆಯಾಗಿ ದುಡಿದಂತಾಗುತ್ತದೆ.

ಎಲ್ಲಿಂದ ಆರಂಭಿಸಬೇಕು?

ಇದಕ್ಕೆ ದೊಡ್ಡ ತಂತ್ರಾಂಶವಾಗಲಿ, ಪ್ರತ್ಯೇಕ ಸಿಬ್ಬಂದಿಯಾಗಲಿ ಬೇಕಿಲ್ಲ. ಮೊದಲು, ಪ್ರತಿ ಕೆಲಸದ ಜೊತೆ ಒಂದು ಜಾಬ್ ಕಾರ್ಡ್ ಇಟ್ಟು ಆರಂಭಿಸಿದ ಹೊತ್ತು, ಮುಗಿಸಿದ ಹೊತ್ತು, ತಯಾರಾದ ನಗಗಳನ್ನು ಬರೆಸಬೇಕು. ಎರಡು ತಿಂಗಳ ಕಾರ್ಡುಗಳಿಂದ ಪ್ರತಿ ವಸ್ತುವಿನ ಸರಾಸರಿ ಗಂಟೆ ತಿಳಿಯುತ್ತದೆ. ಎರಡನೆಯದಾಗಿ, ಹಾಜರಿ ಪುಸ್ತಕ ಮತ್ತು ಪಗಾರ ಪಟ್ಟಿಯಿಂದ ಗಂಟೆಯ ದರವನ್ನು ವರ್ಷಕ್ಕೊಮ್ಮೆ ಕಟ್ಟಬೇಕು. ಕನಿಷ್ಠ ವೇತನ ಅಥವಾ ತುಟ್ಟಿಭತ್ಯೆ ಬದಲಾದಾಗ ಪರಿಷ್ಕರಿಸಬೇಕು. ಮೂರನೆಯದಾಗಿ, ತಂತ್ರಾಂಶದಲ್ಲಿ ಶೇಕಡಾವಾರು ಪ್ರಮಾಣವನ್ನು ಕೈಬಿಟ್ಟು, ಗಂಟೆ ಮತ್ತು ದರದಿಂದ ಬಂದ ಮೊತ್ತವನ್ನೇ ಬರೆಯಬೇಕು. ನಾಲ್ಕನೆಯದಾಗಿ, ಪ್ರತಿ ತಿಂಗಳ ಕೊನೆಗೆ ಪಗಾರದ ಖಾತೆಯ ಮೊತ್ತವನ್ನೂ ಸರಕಿಗೆ ಸೇರಿಸಿದ ಮಜೂರಿಯ ಮೊತ್ತವನ್ನೂ ಒಂದೇ ಹಾಳೆಯಲ್ಲಿ ಬರೆದು ವ್ಯತ್ಯಾಸಕ್ಕೆ ಕಾರಣ ನಮೂದಿಸಬೇಕು. ಕೊನೆಯದಾಗಿ, ಅನುಸರಿಸಿದ ಪದ್ಧತಿಯನ್ನು ಲಿಖಿತವಾಗಿಟ್ಟು ವರ್ಷದಿಂದ ವರ್ಷಕ್ಕೆ ಅದನ್ನೇ ಪಾಲಿಸಬೇಕು.

ನನ್ನ ಕಕ್ಷಿದಾರರು ತೆರಿಗೆ ವಿವರಪಟ್ಟಿ ಸಲ್ಲಿಸುವ ಮೊದಲೇ ಬಂದದ್ದರಿಂದ ಆ ವರ್ಷದ ದಾಸ್ತಾನನ್ನು ಸರಿಪಡಿಸಲು ಸಾಧ್ಯವಾಯಿತು. ಬ್ಯಾಂಕಿಗೂ ತಿದ್ದಿದ ತಃಖ್ತೆಯನ್ನು ತಾವಾಗಿಯೇ ಸಲ್ಲಿಸಿದರು. ಲಾಭ ಕಡಿಮೆಯಾದದ್ದನ್ನು ಕಂಡು ಪಾಲುದಾರರಲ್ಲೊಬ್ಬರಿಗೆ ಬೇಸರವಾದದ್ದೂ ನಿಜ. ಆದರೆ ಮುಂದಿನ ದರಪಟ್ಟಿಯಲ್ಲಿ ದೊಡ್ಡ ವಾಲ್ವಿನ ದರವನ್ನು ಇಳಿಸಿ, ಚಿಕ್ಕದರ ದರವನ್ನು ತುಸು ಏರಿಸಿದರು. ಗೋದಾಮಿನಲ್ಲಿದ್ದ ದೊಡ್ಡ ವಾಲ್ವ್‌ಗಳು ಕ್ರಮೇಣ ಕರಗಿದವು. ಅವರ ಕಾರ್ಖಾನೆಯಲ್ಲಿ ಯಂತ್ರಗಳೂ ಕಾರ್ಮಿಕರೂ ಗ್ರಾಹಕರೂ ಮೊದಲಿನವರೇ ಇದ್ದರು; ಬದಲಾದದ್ದು ಮಜೂರಿಯನ್ನು ಹಂಚುವ ರೀತಿ ಮಾತ್ರ. ಸದಸ್ಯ ಉದ್ಯಮಿಗಳು ಮಾರ್ಚ್ ಕೊನೆಯವರೆಗೆ ಕಾಯದೆ, ಪಗಾರದ ಖಾತೆಯನ್ನೂ ಸರಕಿಗೆ ಸೇರಿದ ಮಜೂರಿಯನ್ನೂ ಈ ತಿಂಗಳೇ ಒಮ್ಮೆ ಪಕ್ಕಪಕ್ಕದಲ್ಲಿಟ್ಟು ನೋಡಬೇಕೆಂಬುದು ನನ್ನ ವಿನಂತಿ.